ತೆಗೆದುಹಾಕುವುದು ಕೊನೆಯ ಮೆಟ್ಟಿಲು

ಬೆಂಗಳೂರಿನ ಗೊರಗುಂಟೆಪಾಳ್ಯ ಮೆಟ್ರೊ ನಿಲ್ದಾಣದಿಂದ ನಡೆದು ಬರುವಷ್ಟು ದೂರದಲ್ಲಿ ನನ್ನ ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಶಿಫ್ಟ್‌ಗೆ ಮುಂಚೆ ಬಂದು ಪಿಎಫ್ ಅರ್ಜಿ ಹಾಕಿಸುತ್ತಾರೆ, ಬಾಡಿಗೆ ಕರಾರು ಟೈಪ್ ಮಾಡಿಸುತ್ತಾರೆ. ಕರಾರು, ರಜೆ ಅರ್ಜಿ, ಬ್ಯಾಂಕ್ ಮ್ಯಾನೇಜರ್‌ಗೆ ಮನವಿ, ಹೀಗೆ ದಿನವೂ ಬೇಕಾಗುವ ಪತ್ರಗಳ ಒಕ್ಕಣೆಯನ್ನು ಬ್ರೌಸರ್‌ನ ಒಂದು ಎಕ್ಸ್‌ಟೆನ್ಷನ್‌ನಲ್ಲಿ ಸೇರಿಸಿಟ್ಟಿದ್ದೆ. ಎರಡು ಅಕ್ಷರ ಒತ್ತಿದರೆ ಇಡೀ ಪತ್ರ ಬಂದು ಕೂರುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಒತ್ತಿದೆ, ಏನೂ ಬರಲಿಲ್ಲ. ಅಪ್‌ಡೇಟ್ ಆಗಿತ್ತು. ಎದುರಿಗಿದ್ದ ಹುಡುಗ, “ಅಕ್ಕಾ, ಬೇಗ ಮಾಡ್ಕೊಡಿ, ಶಿಫ್ಟ್‌ಗೆ ಟೈಮಾಗುತ್ತೆ” ಅನ್ನುತ್ತಿದ್ದ. ಗಾಬರಿಯಲ್ಲಿ ಎಕ್ಸ್‌ಟೆನ್ಷನ್ ತೆಗೆದುಹಾಕಿ ಮತ್ತೆ ಹಾಕಿಕೊಂಡೆ. ಅದೇನೋ ಎದ್ದು ಕೂತಿತು, ಆದರೆ ಒಳಗೆ ಒಂದು ಪತ್ರವೂ ಉಳಿದಿರಲಿಲ್ಲ. ನಾಲ್ಕು ವರ್ಷ ಕೂಡಿಸಿದ್ದು ಒಂದೇ ಕ್ಲಿಕ್ಕಿಗೆ ಹೋಯಿತು.

ಎಕ್ಸ್‌ಟೆನ್ಷನ್ ಅಂದರೆ ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಜಾಹೀರಾತು ತಡೆಯಲು ಒಂದು, ಪಾಸ್‌ವರ್ಡ್ ನೆನಪಿಡಲು ಇನ್ನೊಂದು, ಕನ್ನಡ ಟೈಪಿಂಗ್‌ಗೆ ಮತ್ತೊಂದು. ಬಹಳಷ್ಟು ಎಕ್ಸ್‌ಟೆನ್ಷನ್‌ಗಳು ತಮ್ಮ ಮಾಹಿತಿಯನ್ನು ಅದೇ ಕಂಪ್ಯೂಟರ್‌ನಲ್ಲಿ, ತಮಗೆಂದೇ ಇರುವ ಜಾಗದಲ್ಲಿ ಇಟ್ಟುಕೊಳ್ಳುತ್ತವೆ. ತೆಗೆದುಹಾಕಿದರೆ ಆ ಜಾಗವೂ ಅಳಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲ.

ನೆಟ್ಟಗೆ ನಡೆಯುತ್ತಿದ್ದುದು ಅಪ್‌ಡೇಟ್ ಆದಮೇಲೆ ಯಾಕೆ ನಿಲ್ಲುತ್ತದೆ? ನಮ್ಮ ತುಮಕೂರು ರಸ್ತೆಯ ಮೇಲ್ಸೇತುವೆಯನ್ನೇ ನೆನೆಸಿಕೊಳ್ಳಿ. ಕೇಬಲ್ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ತೆರೆದಾಗ ಲಘು ವಾಹನಗಳನ್ನಷ್ಟೇ ಬಿಟ್ಟರು. ಲಾರಿಗಳು 2024ರ ಜುಲೈವರೆಗೆ ಕೆಳಗಿನ ರಸ್ತೆಯ ದಟ್ಟಣೆಯಲ್ಲೇ ತೆವಳಿದವು. ಲಾರಿ ಕೆಟ್ಟಿರಲಿಲ್ಲ, ದಾರಿಯ ನಿಯಮ ಬದಲಾಗಿತ್ತು.

ಗೂಗಲ್ ಕ್ರೋಮ್‌ನಲ್ಲಿ ಆದದ್ದೂ ಇದೇ. ಎಕ್ಸ್‌ಟೆನ್ಷನ್‌ಗಳನ್ನು ಹೇಗೆ ಬರೆಯಬೇಕೆಂಬ ನಿಯಮಾವಳಿಯನ್ನು ‘ಮ್ಯಾನಿಫೆಸ್ಟ್’ನ ಆವೃತ್ತಿಯಿಂದ ಗುರುತಿಸುತ್ತಾರೆ. ಅದರ ಎರಡನೆಯ ಆವೃತ್ತಿಯಲ್ಲಿದ್ದ ಎಕ್ಸ್‌ಟೆನ್ಷನ್‌ಗಳನ್ನು ಕ್ರೋಮ್ 2024ರಲ್ಲಿ ಆಫ್ ಮಾಡಲು ಶುರು ಮಾಡಿ, 2025ರಲ್ಲಿ ಪೂರ್ತಿ ನಿಲ್ಲಿಸಿತು. ರೇಮಂಡ್ ಹಿಲ್ ಬರೆದ, ಜಾಹೀರಾತು ತಡೆಯುವ ‘ಯುಬ್ಲಾಕ್ ಒರಿಜಿನ್’ ಹೀಗೆ ಕ್ರೋಮ್‌ನಿಂದ ಹೊರಬಿತ್ತು. ಹೊಸ ನಿಯಮಕ್ಕೆ ಒಗ್ಗಿಸಿದ ‘ಲೈಟ್’ ಆವೃತ್ತಿ ಅಲ್ಲಿ ಸಿಗುತ್ತದೆ, ಮೂಲದ್ದು ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ನಡೆಯುತ್ತದೆ. ಇಂಥದ್ದಾಗಿದ್ದರೆ ನೀವು ಎಷ್ಟು ತಿಣುಕಿದರೂ ಹಳೆಯದು ಏಳುವುದಿಲ್ಲ, ಬದಲಿ ಹುಡುಕಬೇಕು.

ಉಳಿದ ಬಹುಪಾಲು ತೊಂದರೆಗಳು ಸಣ್ಣವು. ನಾನು ಈಗ ಅನುಸರಿಸುವ ಕ್ರಮ ಹೇಳುತ್ತೇನೆ.

ಮೊದಲು ತೆರೆದಿಟ್ಟ ಪುಟವನ್ನು ರಿಫ್ರೆಶ್ ಮಾಡಿ. ಅಪ್‌ಡೇಟ್‌ಗೆ ಮುಂಚೆ ತೆರೆದ ಟ್ಯಾಬ್‌ನಲ್ಲಿ ಎಕ್ಸ್‌ಟೆನ್ಷನ್‌ನ ಹಳೆಯ ತುಣುಕೇ ಕೂತಿರುತ್ತದೆ, ಹೊಸದರ ಜೊತೆ ಅದರ ನಂಟು ಕಡಿದಿರುತ್ತದೆ. ಆಗಲಿಲ್ಲವೆಂದರೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಆಮೇಲೆ ಎಕ್ಸ್‌ಟೆನ್ಷನ್‌ಗಳ ಪಟ್ಟಿಗೆ ಹೋಗಿ ಅದು ಆನ್ ಇದೆಯೇ ನೋಡಿ. ಹೊಸ ಆವೃತ್ತಿ ಮೊದಲಿಗಿಂತ ಹೆಚ್ಚಿನ ಅನುಮತಿ ಬೇಡಿದರೆ, ನೀವು ಒಪ್ಪುವ ತನಕ ಕ್ರೋಮ್ ಅದನ್ನು ಆಫ್ ಮಾಡಿಡುತ್ತದೆ. ಏನು ಕೇಳುತ್ತಿದೆ ಎಂದು ಓದದೆ ಒಪ್ಪಬೇಡಿ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ ಬೇರೆಯವರ ಕೈಗೆ ಮಾರಾಟವಾದ ಮೇಲೆ, ಅದರಲ್ಲಿ ದುರುದ್ದೇಶದ ಕೋಡ್ ಸೇರಿದೆಯೆಂದು ಗೂಗಲ್ 2021ರ ಫೆಬ್ರವರಿಯಲ್ಲಿ ನಿಲ್ಲಿಸಬೇಕಾಯಿತು. ಅದೇ ಪಟ್ಟಿಯಲ್ಲಿ ಇನ್ನೊಂದನ್ನು ಗಮನಿಸಿ: ನಿಮ್ಮ ಎಕ್ಸ್‌ಟೆನ್ಷನ್‌ಗೆ ಎಲ್ಲ ಜಾಲತಾಣಗಳಲ್ಲೂ ಅನುಮತಿ ಇದೆಯೋ, ಕ್ಲಿಕ್ ಮಾಡಿದಾಗ ಮಾತ್ರವೋ?

ಮೂರನೆಯದು, ಎಕ್ಸ್‌ಟೆನ್ಷನ್‌ಗಳ ನಡುವಿನ ಜಗಳ. ನಿಂತುಹೋದದ್ದನ್ನು ಬಿಟ್ಟು ಬೇರೆ ಹನ್ನೆರಡು ಇದ್ದರೆ ಆರನ್ನು ಆಫ್ ಮಾಡಿ ನೋಡಿ. ಸರಿಹೋದರೆ ತಂಟೆಕೋರ ಆ ಆರರಲ್ಲಿದೆ, ಇಲ್ಲದಿದ್ದರೆ ಉಳಿದವುಗಳಲ್ಲಿ. ಅರ್ಧರ್ಧ ಮಾಡುತ್ತ ಹೋದರೆ ಮೂರು ನಾಲ್ಕು ಸಲಕ್ಕೆ ಸಿಕ್ಕಿಬೀಳುತ್ತದೆ. ಆಫ್ ಮಾಡುವುದರಿಂದ ಮಾಹಿತಿ ಅಳಿಯುವುದಿಲ್ಲ.

ಇಷ್ಟಾದರೂ ಏಳದಿದ್ದರೆ ಒಂದೆರಡು ದಿನ ಕಾಯಿರಿ. ತಪ್ಪು ತಯಾರಕರದ್ದೇ ಇರಬಹುದು, ಅವರು ಸರಿಪಡಿಸಿ ಕಳಿಸುತ್ತಾರೆ. 2019ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್‌ನ ಒಂದು ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು ಜಗತ್ತಿನಾದ್ಯಂತ ಜನರ ಎಕ್ಸ್‌ಟೆನ್ಷನ್‌ಗಳು ಒಟ್ಟಿಗೇ ಆರಿಹೋದವು. ಆಗ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಬಳಕೆದಾರರಿಗೆ ಕೊಟ್ಟ ಮುಖ್ಯ ಎಚ್ಚರಿಕೆ, ಎಕ್ಸ್‌ಟೆನ್ಷನ್ ತೆಗೆದು ಮತ್ತೆ ಹಾಕಬೇಡಿ, ಮಾಹಿತಿ ಅಳಿಯುತ್ತದೆ ಎಂಬುದೇ. ಆ ಮಾತು ನನಗೆ ತಡವಾಗಿ ತಿಳಿಯಿತು.

ತೆಗೆದುಹಾಕಲೇಬೇಕು ಎಂದಾದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಅಥವಾ ‘ಬ್ಯಾಕಪ್’ ಇದೆಯೇ ಎಂದು ಹುಡುಕಿ, ಕಡತವನ್ನು ಬೇರೆಡೆ ಉಳಿಸಿಕೊಂಡು ಮುಂದುವರಿಯಿರಿ.

ಕಳೆದುಹೋದ ಪತ್ರಗಳನ್ನು ನಾನು ಒಂದೊಂದಾಗಿ ಮತ್ತೆ ಟೈಪ್ ಮಾಡಿದೆ. ಈಗ ಪ್ರತಿ ಶನಿವಾರ ಅಂಗಡಿ ಬಾಗಿಲು ಎಳೆಯುವ ಮೊದಲು ಅವುಗಳ ಪ್ರತಿ ಪೆನ್‌ಡ್ರೈವ್‌ಗೆ ಹೋಗುತ್ತದೆ. ನಿಮ್ಮ ಎಕ್ಸ್‌ಟೆನ್ಷನ್‌ಗಳು ಇವತ್ತು ಚೆನ್ನಾಗಿ ನಡೆಯುತ್ತಿವೆಯೇ? ಹಾಗಿದ್ದರೆ ಬ್ಯಾಕಪ್ ತೆಗೆದಿಡಲು ಇವತ್ತೇ ಒಳ್ಳೆಯ ದಿನ.