ಡೀಸೆಲ್‌ನಲ್ಲಿ ನೀರು: ಬಂಕನ್ನು ದೂರುವ ಮುನ್ನ ಬ್ಯಾರೆಲ್ ಪರೀಕ್ಷಿಸಿ

ಮಳೆಗಾಲದಲ್ಲಿ ವಿದ್ಯುತ್ತನ್ನೇ ನಂಬಿ ಉದ್ದಿಮೆ ನಡೆಸುವುದು ಮಲೆನಾಡಿನಲ್ಲಿ ಕಷ್ಟ. ಆದುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಕ್ಕಿ ಗಿರಣಿ, ಮರದ ಮಿಲ್ಲುಗಳಂತಹ ಘಟಕಗಳವರು ಜನರೇಟರಿಗೆಂದು ಡೀಸೆಲ್ ಶೇಖರಿಸಿಡಬೇಕಾಗುತ್ತದೆ. ಯಂತ್ರ ಕೆಮ್ಮಿ ನಿಂತೊಡನೆ ಮೂಡುವ ಮೊದಲ ಸಂಶಯ ಬಂಕಿನವರ ಮೇಲೆ. ಆದರೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಮೊದಲು ಶಂಕಿಸಬೇಕಾದುದು ನಮ್ಮದೇ ಬ್ಯಾರೆಲ್ಲನ್ನು.

ಅರ್ಧ ಖಾಲಿಯಾದ ಬ್ಯಾರೆಲ್ಲಿನಲ್ಲಿ ತುಂಬಿರುವುದು ತೇವಗಾಳಿ. ರಾತ್ರಿ ತಗಡು ತಣಿದಾಗ ಆ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೆಟ್ಟಗೆ ನಿಲ್ಲಿಸಿದ ಬ್ಯಾರೆಲ್ಲಿನ ಅಂಚಿನೊಳಗೆ ನಿಂತ ಮಳೆನೀರನ್ನು ಒಳಗಿನ ಗಾಳಿ ಕುಗ್ಗುವಾಗ ಸಡಿಲ ಬಿರಡೆಯ ಸಂದಿನಿಂದ ಬ್ಯಾರೆಲ್ಲೇ ಹೀರಿಕೊಳ್ಳುತ್ತದೆ. ಆ ನೀರು ಪಂಪಿಗೆ, ಇಂಜೆಕ್ಟರಿಗೆ ತುಕ್ಕು ಹಿಡಿಸುತ್ತದೆ. ರಿಪೇರಿಯ ಬಿಲ್ಲು ಬ್ಯಾರೆಲ್ ಡೀಸೆಲ್‌ನ ಬೆಲೆಯನ್ನೂ ಮೀರಬಹುದು.

ಪರೀಕ್ಷೆ ಸುಲಭ. ಒಣಗಿದ ಸ್ವಚ್ಛ ಗಾಜಿನ ಬಾಟಲಿಗೆ ಬ್ಯಾರೆಲ್ಲಿನ ತಳದಿಂದ ಕೈಪಂಪಿನ ಮೂಲಕ (ಬಾಯಿಂದ ಎಳೆಯಲಾಗದು) ಡೀಸೆಲ್ ತೆಗೆದು 24 ಗಂಟೆ ಅಲುಗಿಸದೆ ಇಡಬೇಕು. ಬಾಟಲಿಯ ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಸ್ಪಷ್ಟವಾಗಿ ಕಂಡರೆ ಒಳ್ಳೆಯದು. ಮಂಜು ಕವಿದಂತಿದ್ದರೆ ನೀರಿನ ಅಂಶವಿದೆಯೆಂದು ಶಂಕಿಸಬೇಕು. ತಳದ ಗುಳ್ಳೆಗಳು ನೀರೇ ಎಂಬ ಅನುಮಾನವಿದ್ದಲ್ಲಿ, ತಿಂಡಿಗೆ ಬಳಸುವ ಬಣ್ಣದ ಪುಡಿಯನ್ನು ಚಿಟಿಕೆ ಉದುರಿಸಿ. ಅದು ನೀರಿನಲ್ಲಿ ಕರಗುತ್ತದೆ, ಡೀಸೆಲ್‌ನಲ್ಲಿ ಕರಗದು. ನೀರಿಗೂ ಡೀಸೆಲ್‌ಗೂ ನಡುವೆ ಕಪ್ಪು ಲೋಳೆ ಕಟ್ಟಿದ್ದರೆ ಸೂಕ್ಷ್ಮಜೀವಿಗಳು ಬೆಳೆದಿವೆಯೆಂದು ತಿಳಿಯಬೇಕು. ಪದೇ ಪದೇ ಫಿಲ್ಟರ್ ಕಟ್ಟಿಕೊಳ್ಳಲು ಇದೂ ಒಂದು ಕಾರಣ. ಬೆಂಕಿಗೆ ಚಿಮುಕಿಸಿ ಚಟಚಟ ಸದ್ದು ಕೇಳುವ ಸಾಹಸ ಮಾತ್ರ ಬೇಡ.

ಸೀಮೆಎಣ್ಣೆಯ ಕಲಬೆರಕೆ ಬೇರೆಯೇ ವಿಷಯ. ಅದು ಡೀಸೆಲ್‌ನಲ್ಲಿ ಪೂರ್ಣ ಬೆರೆಯುವುದರಿಂದ ಬಾಟಲಿಯಲ್ಲಿ ಕಾಣದು, ವಾಸನೆಯೂ ನಂಬತಕ್ಕದ್ದಲ್ಲ. ಇದಕ್ಕೆ ಸಾಂದ್ರತೆಯೇ ಅಳತೆಗೋಲು. ಬಂಕಿನಲ್ಲಿ ಹೈಡ್ರೋಮೀಟರ್, ಥರ್ಮಾಮೀಟರ್ ಇರುತ್ತವೆ; ಗ್ರಾಹಕರು ತಮ್ಮೆದುರೇ ಅಳೆಯುವಂತೆ ಕೇಳಬಹುದು. 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿದ ಅಂಕಿ, ಟ್ಯಾಂಕರಿನೊಡನೆ ಬಂದ ದಾಖಲೆಯ ಅಂಕಿಗಿಂತ ಘನಮೀಟರಿಗೆ 3 ಕಿಲೋಗ್ರಾಂಗೂ ಹೆಚ್ಚು ವ್ಯತ್ಯಾಸ ತೋರಿದರೆ ಸಂಶಯಕ್ಕೆ ಆಧಾರವಿದೆ. ಈ ದಂಧೆ ಎಷ್ಟು ಕ್ರೂರವೆಂಬುದನ್ನು ಬಲ್ಲೆವು: ಕಲಬೆರಕೆಯ ವಿರುದ್ಧ ನಿಂತ ಇಂಡಿಯನ್ ಆಯಿಲ್ ಅಧಿಕಾರಿ, ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದ ಎಸ್. ಮಂಜುನಾಥ್, 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು.

ಹಾಗೆಂದೇ ದೂರು ಪುರಾವೆಯೊಡನೆ ಇರಬೇಕು. ಪ್ರತಿ ಖರೀದಿಯಲ್ಲೂ ಕ್ಯಾನಿನ ಡೀಸೆಲ್ ಬ್ಯಾರೆಲ್ಲಿಗೆ ಸುರಿಯುವ ಮೊದಲು ಒಂದು ಬಾಟಲಿ ತೆಗೆದು, ಮುಚ್ಚಳ ಬಿಗಿದು, ದಿನಾಂಕ ಬರೆದು ಬಿಲ್ಲಿನೊಡನೆ ಜೋಪಾನವಾಗಿಡಿ. ಮುಂದೆ ಅದು ತಿಳಿಯಾಗಿದ್ದು ಬ್ಯಾರೆಲ್ಲಿನ ಮಾದರಿ ಮಬ್ಬಾಗಿದ್ದರೆ, ನೀರು ಸೇರಿದ್ದು ನಮ್ಮಲ್ಲಿಯೇ. ಆಗ ಬ್ಯಾರೆಲ್ಲಿನ ತಳದ ನೀರನ್ನು ಹೊರತೆಗೆದು, ಫಿಲ್ಟರಿನ ಕೆಳಗಿನ ತಿರುಪನ್ನೂ ಸಡಿಲಿಸಿ ನೀರು ಬಸಿಯಬೇಕು. ಬ್ಯಾರೆಲ್ಲನ್ನು ಸೂರಿನಡಿ, ಎರಡೂ ಬಿರಡೆಗಳು ಒಂದೇ ಮಟ್ಟದಲ್ಲಿರುವಂತೆ ಅಡ್ಡ ಮಲಗಿಸಿಡುವುದು ಕ್ಷೇಮ. ಬಸಿದ ಕೊಳೆಯನ್ನು ಹಳ್ಳಕ್ಕೋ ತೋಟದ ಕಪ್ಪಿಗೋ ಸುರಿಯದೆ ಡಬ್ಬಿಯಲ್ಲಿ ಪ್ರತ್ಯೇಕವಾಗಿಡಬೇಕು.