ಹಾಸನದ ನೆತ್ತಿಯ ಮೇಲಿನ ವಿದ್ಯುತ್ ಉಂಗುರ

ಹಾಸನದಿಂದ ಸಾಲಗಾಮೆ ಕಡೆಗೆ ಹೋಗುವವರಿಗೆ ಇಸ್ರೋದ ದೊಡ್ಡ ಬಿಳಿ ಆಂಟೆನಾಗಳು ಹೊಸವೇನಲ್ಲ. 1982ರಲ್ಲಿ ಇನ್‌ಸ್ಯಾಟ್-1ಎ ಹಾರಿದ ವರ್ಷದಿಂದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರಿನವರ ಬಾಯಲ್ಲಿ ಎಂಸಿಎಫ್, ಇಲ್ಲಿಂದ ಭಾರತದ ಭೂಸ್ಥಿರ ಉಪಗ್ರಹಗಳನ್ನು ಕಾಯುತ್ತಿದೆ. ಟಿವಿ ವಾಹಿನಿಗಳು ಬರುವುದೂ, ಅರಕಲಗೂಡಿನ ಆಲೂಗಡ್ಡೆ ಬೆಳೆಗಾರರು ಬಿತ್ತನೆಗೆ ಮುನ್ನ ನೋಡುವ ಮೋಡದ ಚಿತ್ರ ಬರುವುದೂ ಈ ಉಪಗ್ರಹಗಳಿಂದಲೇ. ಅವು ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಷ್ಟು ಮೇಲೆ ಬರೀ ಶೂನ್ಯವಿದೆ ಎಂದುಕೊಳ್ಳುತ್ತೇವೆ. ಆದರೆ ಅಲ್ಲಿ ಕರೆಂಟ್ ಹರಿಯುತ್ತಿದೆ.

ಭೂಮಿಯ ಸುತ್ತ ಹರಿಯುವ ವಿದ್ಯುತ್ ಪ್ರವಾಹಗಳು ಹಲವು. ನೂರು ಕಿಲೋಮೀಟರ್‌ಗೆ ತುಸು ಮೇಲೆ, ಬಿಸಿಲಿರುವಷ್ಟು ಹೊತ್ತು ಹರಿಯುವಂಥವಿವೆ. ಧ್ರುವಗಳ ಬಳಿ ಬಣ್ಣದ ಬೆಳಕಿನ ಜೊತೆಗೇ ಹರಿಯುವಂಥವೂ ಇವೆ. ಹಾಸನಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಸಮಭಾಜಕದ ಮೇಲೆ ಉಂಗುರದಂತೆ ಸುತ್ತುವ ಪ್ರವಾಹ. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಪ್ರೋಟಾನ್, ಆಮ್ಲಜನಕದ ಅಯಾನುಗಳು ಪಶ್ಚಿಮಕ್ಕೆ ತೇಲುತ್ತವೆ, ಎಲೆಕ್ಟ್ರಾನ್‌ಗಳು ಪೂರ್ವಕ್ಕೆ. ಎರಡೂ ಸೇರಿ ಪಶ್ಚಿಮಮುಖಿ ಕರೆಂಟ್ ಆಗುತ್ತದೆ. ಪಂಪ್‌ಸೆಟ್ ಮೋಟಾರಿನ ತಾಮ್ರದ ಸುರುಳಿಯಲ್ಲಿ ಕರೆಂಟ್ ಹರಿದಾಗ ಕಾಂತತೆ ಹುಟ್ಟುತ್ತದಲ್ಲ, ಅದೇ ನಿಯಮ ಇಲ್ಲಿಯೂ. ಆದರೆ ಈ ಉಂಗುರದ ಕಾಂತತೆ ನೆಲದ ಮಟ್ಟದಲ್ಲಿ ಭೂಮಿಯ ಕಾಂತತೆಗೆ ಎದುರಾಗಿ ನಿಲ್ಲುತ್ತದೆ. ಸೂರ್ಯ ಕೆರಳಿದಾಗ ಉಂಗುರ ಉಬ್ಬಿ, ದಕ್ಷಿಣ ಭಾರತದ ಕಾಂತಮಾಪಕಗಳಲ್ಲಿ ಓದು ಕುಸಿಯುತ್ತದೆ. ಭೂಕಾಂತೀಯ ಬಿರುಗಾಳಿಯ ಗುರುತು ಈ ಕುಸಿತವೇ.

ಸೂರ್ಯ ಕೆರಳಿದ್ದು ನಮಗೆ ತಟ್ಟುವುದು ಅಲ್ಲಿಂದ ಬೀಸುವ ಕಣಗಳ ಹರಿವಿನ, ಅಂದರೆ ಸೌರಮಾರುತದ, ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ. ಆಗ ಅದು ಉತ್ತರಮುಖಿಯಾದ ನಮ್ಮ ಕಾಂತಕ್ಷೇತ್ರದೊಂದಿಗೆ ಬೆಸೆದುಕೊಂಡು, ಕಣಗಳಿಗೂ ಶಕ್ತಿಗೂ ಬಾಗಿಲು ತೆರೆಯುತ್ತದೆ. 2024ರ ಮೇ 10ರ ರಾತ್ರಿ ಆದದ್ದು ಹೀಗೆಯೇ. ಎರಡು ದಶಕಗಳಲ್ಲೇ ದೊಡ್ಡ ಬಿರುಗಾಳಿ ಅದು. ಕುಸಿತ 400 ನ್ಯಾನೋಟೆಸ್ಲಾ ದಾಟಿತು. ನಮ್ಮ ಭಾಗದಲ್ಲಿ ನೆಲದ ಸಮತಲ ಕಾಂತತೆ 40,000 ನ್ಯಾನೋಟೆಸ್ಲಾದ ಆಸುಪಾಸು. ಅಂದರೆ ನೂರಕ್ಕೆ ಒಂದು ಪಾಲು ಅಳಿಸಿಹೋಯಿತು. ದಿಕ್ಸೂಚಿ ಹಿಡಿದು ನಿಂತವರಿಗೆ ಇದು ಗೊತ್ತೇ ಆಗದು. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶ ಕೆಂಪಾದದ್ದನ್ನು ಸೆರೆಹಿಡಿದವು. ಹಾಸನದಲ್ಲಿ ಎಂದಿನ ಕತ್ತಲೆಯೇ.

ಬಿಸಿ ತಟ್ಟಿದ್ದು ಮೇಲೆ, ಉಪಗ್ರಹಗಳಿಗೆ. ಸೌರಮಾರುತವನ್ನು ತಡೆಯುವ ಭೂಕಾಂತೀಯ ಕೋಟೆಯ ಗೋಡೆ ಸೂರ್ಯನ ಕಡೆಗೆ ಸಾಮಾನ್ಯವಾಗಿ ಭೂಮಿಯ ಕೇಂದ್ರದಿಂದ ಭೂತ್ರಿಜ್ಯದ ಹತ್ತು ಪಟ್ಟು ದೂರದಲ್ಲಿರುತ್ತದೆ. ಭೂಸ್ಥಿರ ಕಕ್ಷೆ 6.6 ಪಟ್ಟು ದೂರದಲ್ಲಿ. ದೊಡ್ಡ ಬಿರುಗಾಳಿಯಲ್ಲಿ ಗೋಡೆ ಕಕ್ಷೆಗಿಂತಲೂ ಒಳಕ್ಕೆ ಒತ್ತಲ್ಪಟ್ಟು, ಉಪಗ್ರಹ ಸೌರಮಾರುತಕ್ಕೆ ನೇರವಾಗಿ ಮೈಯೊಡ್ಡಬೇಕಾಗುತ್ತದೆ. ಜೊತೆಗೆ ವೇಗದ ಎಲೆಕ್ಟ್ರಾನ್‌ಗಳು ಅದರ ಕವಚ ತೂರಿ ಕೇಬಲ್‌ಗಳ ನಿರೋಧಕ ಪದರಗಳಲ್ಲಿ ಜಮೆಯಾಗುತ್ತವೆ. ಹೆಚ್ಚಾದರೆ ಕಿಡಿ ಹಾರಿ, ಯಾರೂ ಕೊಡದ ಆಜ್ಞೆಯನ್ನು ಉಪಗ್ರಹ ಪಾಲಿಸಿಬಿಡಬಹುದು. ಆ ಮೇ ತಿಂಗಳಲ್ಲಿ ಎಲೆಕ್ಟ್ರಾನ್‌ಗಳ ಪ್ರಮಾಣ ಮಿತಿ ಮೀರಿದ್ದರಿಂದ ಹವಾಮಾನ ಉಪಗ್ರಹಗಳಾದ ಇನ್‌ಸ್ಯಾಟ್-3ಡಿಎಸ್ ಮತ್ತು 3ಡಿಆರ್‌ಗಳ ನಕ್ಷತ್ರ ಸಂವೇದಕಗಳನ್ನು ಮುನ್ನೆಚ್ಚರಿಕೆಯಾಗಿ ಆಫ್ ಮಾಡಲಾಯಿತು. ನಕ್ಷತ್ರಗಳನ್ನು ನೋಡಿ ಉಪಗ್ರಹ ತನ್ನ ಮುಖ ಯಾವ ಕಡೆಗಿದೆ ಎಂದು ತಿಳಿಯುವುದು ಇವುಗಳಿಂದ. ತಪ್ಪು ನೋಡುವುದಕ್ಕಿಂತ ಕಣ್ಣು ಮುಚ್ಚಿರುವುದೇ ವಾಸಿ. ಭೂಸ್ಥಿರ ಉಪಗ್ರಹಗಳಲ್ಲಿ ದೊಡ್ಡ ತೊಂದರೆ ಯಾವುದೂ ಆಗಲಿಲ್ಲವೆಂದು ಇಸ್ರೋ ತಿಳಿಸಿತು. ಹಾಸನದ ಎಂಜಿನಿಯರುಗಳ ಈ ಕಾವಲು ನಮ್ಮ ಜಿಲ್ಲೆಯಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲ. ಗೊತ್ತಾಗಬೇಕು.

ನೆಲಕ್ಕೂ ಈ ಕಥೆಯಲ್ಲಿ ಪಾಲಿದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಕಾಂತಕ್ಷೇತ್ರ ಸರಸರನೆ ಬದಲಾದಾಗ ನೆಲದಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅಲ್ಲಿಯ ಪುರಾತನ ಗಟ್ಟಿಶಿಲೆ ಕರೆಂಟನ್ನು ಸುಲಭವಾಗಿ ಒಯ್ಯದ ಕಾರಣ ಅದು ಟ್ರಾನ್ಸ್‌ಫಾರ್ಮರಿನ ಅರ್ತಿಂಗ್ ಮೂಲಕ ಉದ್ದನೆಯ ತಂತಿಗಳಿಗೆ ಏರಿತು. ನಮ್ಮ ಜಿಲ್ಲೆಯ ತಳವೂ ಅಂಥದೇ ಗಟ್ಟಿಶಿಲೆ. ಹೊಳೆನರಸೀಪುರದ ಶಿಲಾಪಟ್ಟಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿ, ಎರಡಕ್ಕೂ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಆದರೂ ಶಾಂತಿಗ್ರಾಮದ 400 ಕಿಲೋವೋಲ್ಟ್ ಕೇಂದ್ರಕ್ಕೆ ಕ್ವಿಬೆಕ್‌ನಷ್ಟು ಭಯವಿಲ್ಲ. ಹುಚ್ಚೆದ್ದು ಬದಲಾಗುವ ಧ್ರುವೀಯ ಪ್ರವಾಹಗಳು ನಮ್ಮ ನೆತ್ತಿಯ ಮೇಲಿಲ್ಲ. ಉಂಗುರ ನಿಧಾನವಾಗಿ ಉಬ್ಬಿ, ನಿಧಾನವಾಗಿ ಇಳಿಯುತ್ತದೆ.

ಆದರೆ ಇದನ್ನು ಪೂರ್ಣ ಅಭಯವೆಂದು ತಿಳಿಯುವುದು ತಪ್ಪು ಎಂಬುದು ನನ್ನ ನಿಲುವು. 1859ರ ಸೆಪ್ಟೆಂಬರ್ 2ರಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ದಾಖಲಾದ ಕುಸಿತ ಸುಮಾರು 1,600 ನ್ಯಾನೋಟೆಸ್ಲಾ, 2024ರದ್ದರ ನಾಲ್ಕು ಪಟ್ಟು. ಆಗ ಕೆಡಲು ಟೆಲಿಗ್ರಾಫ್ ತಂತಿಗಳಷ್ಟೇ ಇದ್ದವು.

ಈಗ ಮುನ್ಸೂಚನೆಗೆ ದಾರಿಯಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋ ನೌಕೆ ಆದಿತ್ಯ-ಎಲ್1, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೌರಮಾರುತವನ್ನು ಅಳೆಯುತ್ತಿದೆ. ಅದರ ಕಾಂತಮಾಪಕ ತಯಾರಾದದ್ದು ಬೆಂಗಳೂರಿನಲ್ಲಿ. ಸೆಕೆಂಡಿಗೆ 800 ಕಿಲೋಮೀಟರ್ ವೇಗದ ಮಾರುತ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ ಸಾಕು. ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆಯೇ ಎಂಬುದು ಖಚಿತವಾಗುವುದು ಅಲ್ಲಿಯೇ. ಆ ಅರ್ಧ ಗಂಟೆಯಲ್ಲಿ ಕಕ್ಷೆ ತಿದ್ದುವ ಕೆಲಸವನ್ನು ಮುಂದೂಡಬಹುದು, ಸೂಕ್ಷ್ಮ ಉಪಕರಣಗಳನ್ನು ಆಫ್ ಮಾಡಬಹುದು.