ಪೆಂಡಾಲಿನ ಗಿಟಾರು ಕಣಜವಾಗುವುದೇಕೆ?

ಗಣಪತಿ ಹಬ್ಬ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲೆಡೆ ಪೆಂಡಾಲು. ಕೈಲಾದ ಕಡೆ ಆರ್ಕೆಸ್ಟ್ರಾ. ಹಾಡು ಚೆನ್ನಾಗಿರುತ್ತೆ. ಗಿಟಾರಿನ ಸರದಿ ಬಂತೋ, "ಇದೇನ್ಲಾ, ಡಬ್ಬದೊಳ್ಗೆ ಕಣಜ ಬಿಟ್ಟಂಗೈತೆ" ಅಂತ ಹಿಂದಿನಿಂದ ಮಾತು ಬೀಳುತ್ತೆ. ಬೈಗುಳ ಬಾರಿಸುವ ಹುಡುಗನಿಗೆ. ಮುಂದಿನ ವರ್ಷ ಅವನಿಗೆ ಕರೆಯೂ ಇಲ್ಲ, ಕಾಸೂ ಇಲ್ಲ.

ತಪ್ಪು ಬೆರಳಿನದಲ್ಲ ಸ್ವಾಮಿ, ಕಾಲ ಬಳಿಯ ಪೆಟ್ಟಿಗೆಯ ತಿರುಪಿನದು.

ಹಿಂದೆ ಫೆಂಡರ್, ಮಾರ್ಷಲ್, ವಾಕ್ಸ್ ಎಂಬ ವಾಲ್ವ್ ಆಂಪ್ಲಿಫೈಯರುಗಳಿದ್ದವು. ಹೊರುವುದಕ್ಕೆ ಇಬ್ಬರು ಬೇಕು. 1998ರಲ್ಲಿ ಅಮೆರಿಕದ ಲೈನ್ 6 ಕಂಪನಿ 'ಪಾಡ್' ಎಂಬ ಕೆಂಪು ಡಬ್ಬಿ ತಂದಿತು. ಆ ದೊಡ್ಡ ಪೆಟ್ಟಿಗೆಗಳ ದನಿಯನ್ನು ಲೆಕ್ಕ ಹಾಕಿ ಅನುಕರಿಸುವ ಯಂತ್ರ. ಅದೇ ಜಾತಿಯವು ಇಂದು ಚೀಲದಲ್ಲಿ ಬಸ್ ಹತ್ತುತ್ತವೆ.

ಹುಡುಗ ಮನೆಯಲ್ಲಿ ಹೆಡ್‌ಫೋನ್ ಹಾಕಿ ಸಣ್ಣ ದನಿಯಲ್ಲಿ ಹೊಂದಿಸುತ್ತಾನೆ. ದನಿ ಸಣ್ಣದಿದ್ದಾಗ ಕಿವಿಗೆ ಮಂದ್ರ ಸರಿಯಾಗಿ ಕೇಳದು. ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸಾಲದೆಂದು ಬೇಸ್ ಏರಿಸುತ್ತಾನೆ, ಜೊತೆಗೆ ಟ್ರೆಬಲ್ಲನ್ನೂ. ಪೆಂಡಾಲಿನಲ್ಲಿ ಒಂದು ಗುಡುಗುತ್ತೆ, ಇನ್ನೊಂದು ಕುಯ್ಯುತ್ತೆ.

ಇನ್ನೊಂದು ಗುಟ್ಟು. ಗಿಟಾರಿನ 12 ಇಂಚಿನ ಸ್ಪೀಕರು ಸುಮಾರು 5,000 ಹರ್ಟ್ಸ್ ಮೇಲಿನ ದನಿಯನ್ನು ತಾನೇ ಅಡಗಿಸುತ್ತೆ. ಮೈಕ್‌ಸೆಟ್ಟಿನ ಸ್ಪೀಕರು ಅಡಗಿಸದು. ಯಂತ್ರದಲ್ಲಿ 'ಕ್ಯಾಬಿನೆಟ್' ಭಾಗ ಆಫ್ ಆಗಿದ್ದರೆ ಕಣಜ ಗ್ಯಾರಂಟಿ.

ಮದ್ದು ಸುಲಭ. ಕ್ಯಾಬಿನೆಟ್ ಆನ್ ಮಾಡಿ. ಗೇನ್ ಮನೆಯಲ್ಲಿದ್ದುದಕ್ಕಿಂತ ಇಳಿಸಿ. ದಪ್ಪ ತಂತಿಯೇ 82 ಹರ್ಟ್ಸ್. ಅದರ ಕೆಳಗಿರುವುದು ಬರೀ ಗದ್ದಲ, ಕತ್ತರಿಸಿ. ಮೇಲೆ ಐದಾರು ಸಾವಿರದಲ್ಲಿ ಕತ್ತರಿಸಿ. ನಡುವಿನ ದನಿ ಮಾತ್ರ ಮುಟ್ಟಬೇಡಿ. ಅದು ಹೋದರೆ ಡ್ರಮ್ಮು, ಕೀಬೋರ್ಡು ಗಿಟಾರನ್ನು ನುಂಗುತ್ತವೆ. ಕೊನೆಗೆ ಪೆಂಡಾಲಿನ ಸ್ಪೀಕರಿನಲ್ಲೇ, ಕಾರ್ಯಕ್ರಮದಷ್ಟೇ ಜೋರಾಗಿ ಬಾರಿಸಿ, ದೂರ ನಿಂತು ಕೇಳಿಸಿಕೊಳ್ಳಲು ಒಬ್ಬನನ್ನು ಕಳಿಸಿ.

ಆದರೆ ಅದಕ್ಕೆ ಪುರುಸೊತ್ತು ಕೊಡುವವರು ಯಾರು? ರಾತ್ರಿ 10ಕ್ಕೆ ಮೈಕು ನಿಲ್ಲಬೇಕೆಂಬುದು 2000ದ ಶಬ್ದಮಾಲಿನ್ಯ ನಿಯಮ. ಮೈಕ್‌ಸೆಟ್ಟು ಕತ್ತಲಾದ ಮೇಲೆ ಬರುತ್ತೆ, ಸನ್ಮಾನ, ಭಾಷಣ ಒಂದು ಗಂಟೆ ತಿನ್ನುತ್ತೆ. ಹುಡುಗ ತಿರುಪು ಮುಟ್ಟುವ ಮೊದಲೇ "ಶುರು ಮಾಡಪ್ಪ" ಎಂಬ ಅವಸರ.

ಚಂದಾ ಕೊಡುವ ಅಂಗಡಿಯವರೇ, ರಸೀದಿ ಜೊತೆಗೆ ಒಂದು ಮಾತು ಕೇಳಿ: ಒಂದು ಭಾಷಣ ಕಡಿಮೆ ಮಾಡಿ, ಆ ಹತ್ತು ನಿಮಿಷ ಹುಡುಗನಿಗೆ ಬಿಡಿ.